ಗನ್ ಮೆಟಲ್ ಬದಲು ಸತು-ಅಲ್ಯೂಮಿನಿಯಂ: ಸಣ್ಣ ವರ್ಕ್‌ಶಾಪಿನ ಅಗ್ಗದ ಎರಕ ಎಲ್ಲಿ ಸಿಗುತ್ತದೆ, ಎಲ್ಲಿ ಕೈ ಕೊಡುತ್ತದೆ

ಅಕ್ಟೋಬರ್ ಬಂತೆಂದರೆ ದಾವಣಗೆರೆಯ ವರ್ಕ್‌ಶಾಪುಗಳಿಗೆ ಪುರುಸೊತ್ತು ಇರುವುದಿಲ್ಲ. ಒಂದು ಕಡೆಯಿಂದ ಮೆಕ್ಕೆಜೋಳ ಬಿಡಿಸುವ ಮೆಷಿನ್ ಬರುತ್ತದೆ. ಇನ್ನೊಂದು ಕಡೆ ಚನ್ನಗಿರಿಯಿಂದ ಅಡಿಕೆ ಸುಲಿಯುವ ಮೆಷಿನ್ ಬಂದು ನಿಲ್ಲುತ್ತದೆ. ಬಹಳಷ್ಟು ಸಲ ತೊಂದರೆ ದೊಡ್ಡದೇನಲ್ಲ. ಶಾಫ್ಟ್ ತಿರುಗುವ ಜಾಗದ ಬುಷ್ ಸವೆದು ಅಂಡಾಕಾರ ಆಗಿರುತ್ತದೆ. ಕೈಮುಷ್ಟಿಯೊಳಗೆ ಅಡಗುವಷ್ಟು ಸಣ್ಣ ಸಾಮಾನು. ಅದೊಂದು ಸಿಕ್ಕರೆ ಮೆಷಿನ್ ಸಂಜೆಯೊಳಗೆ ಹೊಲಕ್ಕೆ ವಾಪಸ್ ಹೋಗುತ್ತದೆ.

ಸಿಗುವುದೇ ಕಷ್ಟ. ಬುಷ್ ಮಾಡುವ ಕಂಚಿನ ಜಾತಿಯ ಗನ್ ಮೆಟಲ್ ರಾಡ್ ತಂದು ಲೇತಿನಲ್ಲಿ ಕೊರೆದರೆ ಅರ್ಧ ಲೋಹ ಸೀವಲಾಗಿ ನೆಲಕ್ಕೆ ಬೀಳುತ್ತದೆ, ದುಡ್ಡು ಮಾತ್ರ ಇಡೀ ರಾಡಿನದು. ಎರಕ ಹೊಯ್ಯಿಸೋಣ ಅಂದರೆ ಬೆಳಗಾವಿ, ಶಿವಮೊಗ್ಗದ ಫೌಂಡ್ರಿಗಳ ಕಡೆ ನೋಡಬೇಕು. ದೊಡ್ಡ ಫೌಂಡ್ರಿಯವರು ಎರಡೇ ಎರಡು ಪೀಸಿಗೆ ಯಾಕೆ ಭಟ್ಟಿ ಹಚ್ಚುತ್ತಾರೆ? ಅವರದ್ದೂ ತಪ್ಪಲ್ಲ. ಹಾಗಾಗಿ ರೈತ ಎರಡು ದಿನ ಕಾಯುತ್ತಾನೆ. ಅಷ್ಟರಲ್ಲಿ ಒಂದು ಮಳೆ ಬಂದರೆ ಕಣದಲ್ಲಿ ಹಾಕಿದ ತೆನೆಯ ಗತಿ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಇದರ ಮೇಲೆ ತಾಮ್ರದ ರೇಟು. 2024ರ ಮೇ ತಿಂಗಳಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ತಾಮ್ರ ಟನ್ನಿಗೆ 10,000 ಡಾಲರ್ ದಾಟಿತು. ವಿದ್ಯುತ್ ವಾಹನ, ಸೋಲಾರ್, ಹೊಸ ಲೈನುಗಳು, ಎಲ್ಲಕ್ಕೂ ತಾಮ್ರ ಬೇಕು. ಗನ್ ಮೆಟಲ್ ಎಂದರೆ ಹತ್ತಿರ ಹತ್ತಿರ ತೊಂಬತ್ತು ಪಾಲು ತಾಮ್ರ, ಜೊತೆಗೆ ಅದಕ್ಕಿಂತ ತುಟ್ಟಿಯ ತವರ. ಈ ಎರಡನ್ನೂ ನಂಬಿಕೊಂಡು ಸಣ್ಣ ವರ್ಕ್‌ಶಾಪು ಎಷ್ಟು ದಿನ ನಡೆಯುತ್ತದೆ?

ಇದಕ್ಕೊಂದು ದಾರಿ ಇದೆ ಎಂದು ನಾನು ನಂಬಿದ್ದೇನೆ. ಸತು ಮತ್ತು ಅಲ್ಯೂಮಿನಿಯಂ ಬೆರೆಸಿದ ಮಿಶ್ರಲೋಹ. ಇದನ್ನು ಊರಲ್ಲೇ, ಸಣ್ಣ ಶೆಡ್ಡಿನಲ್ಲೇ ಕರಗಿಸಿ ಎರಕ ಹೊಯ್ಯಬಹುದು. ಆದರೆ "ಅಗ್ಗ" ಅನ್ನುವ ಪದ ಇಲ್ಲಿ ಬಹಳ ಜನರನ್ನು ತಪ್ಪು ದಾರಿಗೆ ಎಳೆದಿದೆ. ನಾನೂ ಆ ದಾರಿಯಲ್ಲಿ ಹೋಗಿ ಬಂದವನೇ. ಗುಜರಿ ಸತು ಕರಗಿಸಿದರೆ ಅಗ್ಗ ಅಂದುಕೊಳ್ಳುತ್ತೇವೆ. ಈ ಲೋಹದಲ್ಲಿ ನಿಜವಾದ ಉಳಿತಾಯ ಇರುವುದು ಬೇರೆ ಕಡೆ.

ಐದು ಪಾಲು ಅಲ್ಯೂಮಿನಿಯಂ ಮಾಡುವ ಕೆಲಸ

ಸತು 420 ಡಿಗ್ರಿಗೆ ಕರಗುತ್ತದೆ. ಅಲ್ಯೂಮಿನಿಯಂ 660ಕ್ಕೆ. ಎರಡನ್ನೂ ಬೆರೆಸಿದರೆ ನಡುವೆ ಎಲ್ಲೋ ಕರಗಬೇಕು ಅಲ್ವಾ? ಹಾಗಾಗುವುದಿಲ್ಲ. ನೂರಕ್ಕೆ ಐದು ಪಾಲು ಅಲ್ಯೂಮಿನಿಯಂ ಸೇರಿಸಿದಾಗ ಕರಗುವ ಬಿಂದು ಸುಮಾರು 382 ಡಿಗ್ರಿಗೆ ಇಳಿಯುತ್ತದೆ. ಅಂದರೆ ಎರಡೂ ಲೋಹಗಳಿಗಿಂತ ಕೆಳಗೆ. ಅಲ್ಲಿಂದ ಅಲ್ಯೂಮಿನಿಯಂ ಹೆಚ್ಚಿಸುತ್ತಾ ಹೋದರೆ ಪೂರ್ತಿ ಕರಗುವ ಬಿಸಿ ಮೆಲ್ಲಗೆ ಏರುತ್ತದೆ, ಬಲವೂ ಏರುತ್ತದೆ.

1929ರಲ್ಲಿ ಅಮೆರಿಕದ ನ್ಯೂ ಜೆರ್ಸಿ ಜಿಂಕ್ ಕಂಪನಿ ಇದೇ ಗುಣವನ್ನು ಹಿಡಿದು ಜಮಾಕ್ ಎಂಬ ಮಿಶ್ರಲೋಹಗಳನ್ನು ತಂದಿತು. ನಾಲ್ಕು ಪಾಲು ಅಲ್ಯೂಮಿನಿಯಂ, ಉಳಿದದ್ದೆಲ್ಲ ಸತು. ಹಳೇ ಸ್ಕೂಟರಿನ ಕಾರ್ಬೊರೇಟರ್, ಬಾಗಿಲ ಹಿಡಿ, ಆಟಿಕೆ ಕಾರು, ಇವೆಲ್ಲ ಆ ಜಾತಿಯವು. ಅದು ಡೈ ಕಾಸ್ಟಿಂಗ್ ಮೆಷಿನ್ನಿಗೆ, ಅಂದರೆ ಕರಗಿದ ಲೋಹವನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ನುಗ್ಗಿಸುವ ಮೆಷಿನ್ನಿಗೆ ಮಾಡಿದ ಲೋಹ. ಮರಳಚ್ಚಿನಲ್ಲಿ ಹೊಯ್ಯಲು ಸರಿ ಹೋಗುವುದು ಆಮೇಲೆ ಬಂದ ಜಡ್‌ಎ ಸಾಲಿನ ಲೋಹಗಳು. ಜಡ್‌ಎ-8, ಜಡ್‌ಎ-12, ಜಡ್‌ಎ-27. ಹೆಸರಿನ ಸಂಖ್ಯೆಯೇ ಹೆಚ್ಚೂಕಡಿಮೆ ಅಲ್ಯೂಮಿನಿಯಂ ಪಾಲು. ಜೊತೆಗೆ ಒಂದೆರಡು ಪಾಲು ತಾಮ್ರ, ಚಿಟಿಕೆಯಷ್ಟು ಮೆಗ್ನೀಸಿಯಂ.

ಸತುವಿನ ಎರಕ ನಮ್ಮ ನಾಡಿಗೆ ಹೊಸದಲ್ಲ. ಬೀದರಿನ ಬಿದ್ರಿ ಪಾತ್ರೆ ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ, ಮಣ್ಣಿನ ಅಚ್ಚಿನಲ್ಲಿ ಹೊಯ್ದದ್ದೇ. ರಾಜಸ್ಥಾನದ ಝಾವರ್‌ನಲ್ಲಿ ಯುರೋಪಿನವರಿಗಿಂತ ನೂರಾರು ವರ್ಷ ಮೊದಲೇ ಮಣ್ಣಿನ ಮೂಸೆಗಳಲ್ಲಿ ಸತು ಬಟ್ಟಿ ಇಳಿಸುತ್ತಿದ್ದರು. ಆದರೆ ಬಿದ್ರಿ ಲೋಹ ಹೂದಾನಿಗೆ ಸಾಕು, ಬುಷ್‌ಗೆ ಸಾಲದು. ಬಲ ಕೊಡುವುದು ಅಲ್ಯೂಮಿನಿಯಂ.

ಸಣ್ಣ ವರ್ಕ್‌ಶಾಪಿಗೆ ಈ ಮೂರರಲ್ಲಿ ಯಾವುದು? ನನ್ನ ಆಯ್ಕೆ ಜಡ್‌ಎ-12. ಬಲದ ಲೆಕ್ಕದಲ್ಲಿ ಜಡ್‌ಎ-27 ಮುಂದಿದೆ. ಮರಳಚ್ಚಿನಲ್ಲೇ 400 ಮೆಗಾಪ್ಯಾಸ್ಕಲ್ (ಲೋಹದ ಬಲ ಅಳೆಯುವ ಮಾನ) ಹತ್ತಿರ ಎಳೆತ ತಡೆಯುತ್ತದೆ. ಆದರೆ ಅದು ಹಠಮಾರಿ. ದಪ್ಪ ಎರಕದಲ್ಲಿ ನಿಧಾನಕ್ಕೆ ಆರುವಾಗ ಹಗುರವಾದ ಅಲ್ಯೂಮಿನಿಯಂ ಹರಳುಗಳು ಮೇಲಕ್ಕೆ ತೇಲುತ್ತವೆ, ತಳದಲ್ಲಿ ಸಂಕೋಚನದ ಗುಳಿ ಬೀಳುತ್ತದೆ. ಜಡ್‌ಎ-12 ಸುಮಾರು 300 ಮೆಗಾಪ್ಯಾಸ್ಕಲ್ ತಡೆಯುತ್ತದೆ. ಮಾಮೂಲಿ ಬೀಡು ಕಬ್ಬಿಣಕ್ಕೆ, ಗನ್ ಮೆಟಲ್‌ಗೆ ಇದು ಏನೂ ಕಡಿಮೆಯಲ್ಲ. 432 ಡಿಗ್ರಿಗೆ ಪೂರ್ತಿ ನೀರಾಗುತ್ತದೆ. 480-500ಕ್ಕೆ ಹೊಯ್ದರೆ ತೆಳು ಮೂಲೆಗೂ ಹರಿದು ಹೋಗುತ್ತದೆ.

ಕೆಜಿ ಲೆಕ್ಕ ಬಿಡಿ, ಲೀಟರ್ ಲೆಕ್ಕ ಹಾಕಿ

ಲೋಹವನ್ನು ನಾವು ಕೆಜಿಯಲ್ಲಿ ಕೊಳ್ಳುತ್ತೇವೆ. ಆದರೆ ಅಚ್ಚು ತುಂಬುವುದು ಗಾತ್ರದ ಲೆಕ್ಕದಲ್ಲಿ. ಇದನ್ನು ಮರೆತರೆ ಹೋಲಿಕೆ ತಲೆಕೆಳಗಾಗುತ್ತದೆ. ಹಾಗಾಗಿ ಒಂದು ಲೀಟರ್ ಪಾತ್ರೆ ತುಂಬಲು ಎಷ್ಟು ಲೋಹ ಬೇಕು ಅಂತ ನೋಡೋಣ.

ಗನ್ ಮೆಟಲ್ ಲೀಟರಿಗೆ ಸುಮಾರು 8.7 ಕೆಜಿ ತೂಗುತ್ತದೆ. ಜಡ್‌ಎ-12 ಸುಮಾರು 6 ಕೆಜಿ. ಅಲ್ಯೂಮಿನಿಯಂ 2.7 ಕೆಜಿ. 2024ರ ಅಂತರರಾಷ್ಟ್ರೀಯ ರೇಟನ್ನು ದುಂಡಗೆ ಮಾಡಿ ಹಿಡಿದರೆ, ಟನ್ನಿಗೆ ತಾಮ್ರ 9,000 ಡಾಲರ್, ತವರ 30,000, ಸತು 2,800, ಅಲ್ಯೂಮಿನಿಯಂ 2,400. ಹೊಸ ಲೋಹದಿಂದಲೇ ಮಾಡಿದರೆ ಒಂದು ಲೀಟರ್ ಗನ್ ಮೆಟಲ್‌ಗೆ ಸುಮಾರು 95 ಡಾಲರ್ ಲೋಹ ಬೀಳುತ್ತದೆ. ಜಡ್‌ಎ-12ಕ್ಕೆ 17 ಡಾಲರ್. ಐದೂವರೆ ಪಟ್ಟು ವ್ಯತ್ಯಾಸ. ಗುಜರಿಯಿಂದ ಮಾಡಿದ ಗನ್ ಮೆಟಲ್ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆ ನಿಜ. ಆದರೂ ಅಂತರ ದೊಡ್ಡದಾಗಿಯೇ ಉಳಿಯುತ್ತದೆ.

ಇದನ್ನೇ ಒಂದು ಬುಷ್‌ಗೆ ಇಳಿಸಿ. ಹೊರಗೆ 50 ಮಿಲಿಮೀಟರ್, ಒಳಗೆ 35, ಉದ್ದ 60. ಗನ್ ಮೆಟಲ್‌ನಲ್ಲಿ 520 ಗ್ರಾಂ ಮೇಲೆ ಬರುತ್ತದೆ. ಜಡ್‌ಎ-12ರಲ್ಲಿ 360 ಗ್ರಾಂ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಅಲ್ಯೂಮಿನಿಯಂ ಲೀಟರಿಗೆ ಆರೂವರೆ ಡಾಲರ್ ಅಷ್ಟೇ. ಅಂದರೆ ಸತುವಿನ ಲೋಹಕ್ಕಿಂತಲೂ ಅಗ್ಗ. ಕವರ್, ಹಿಡಿಕೆ, ರಾಟೆಯಂಥ ಹಗುರ ಕೆಲಸಕ್ಕೆ ಅಲ್ಯೂಮಿನಿಯಂ ಹೊಯ್ಯುವುದು ಗೊತ್ತಿರುವವರು ಸತುವಿಗೆ ಬರುವ ಅಗತ್ಯವಿಲ್ಲ. ಆದರೆ ಮರಳಚ್ಚಿನ ಸಾಧಾರಣ ಅಲ್ಯೂಮಿನಿಯಂ ಎರಕ 150ರಿಂದ 200 ಮೆಗಾಪ್ಯಾಸ್ಕಲ್ ಮಾತ್ರ ತಡೆಯುತ್ತದೆ. ಶಾಫ್ಟಿನ ಜೊತೆ ಉಜ್ಜುವ ಜಾಗದಲ್ಲಿ ಅದು ಹಿಡಿದುಕೊಳ್ಳುತ್ತದೆ, ಕಿತ್ತು ಬರುತ್ತದೆ. ಸತು-ಅಲ್ಯೂಮಿನಿಯಂ ಹಾಗೆ ಮಾಡುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ತಾಮ್ರದ ಬರ ಬಿದ್ದಾಗ ಜರ್ಮನಿಯವರು ಕಂಚಿನ ಬುಷ್ ಬದಲು ಇಂಥ ಲೋಹವನ್ನೇ ಹಾಕಿಕೊಂಡರು. ಆಮೇಲೆ ಗಣಿಯ ಭಾರೀ ಮೆಷಿನ್‌ಗಳಿಗೂ ಜಡ್‌ಎ ಬುಷ್‌ಗಳು ಬಂದವು. ನಿಧಾನ ವೇಗ, ಜಾಸ್ತಿ ಭಾರ, ತಪ್ಪದೆ ಗ್ರೀಸ್, ಈ ಮೂರೂ ಕೂಡಿದ ಜಾಗ ಅದಕ್ಕೆ ಹೇಳಿ ಮಾಡಿಸಿದ್ದು.

ಇನ್ನು ಬೆಂಕಿಯ ಖರ್ಚು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. 10 ಕೆಜಿ ಜಡ್‌ಎ-12 ಕರಗಿಸಿ ಹೊಯ್ಯುವ ಬಿಸಿಗೆ ತರಲು ಲೋಹದ ಒಳಗೆ ಹೋಗಬೇಕಾದ ಶಾಖ ಸುಮಾರು ಒಂದು ಯೂನಿಟ್ ಕರೆಂಟಿನಷ್ಟು. ಅದೇ ಅಚ್ಚುಗಳನ್ನು ಗನ್ ಮೆಟಲ್‌ನಿಂದ ತುಂಬಲು 14 ಕೆಜಿ ಮೇಲೆ ಲೋಹ ಬೇಕು, 1,100 ಡಿಗ್ರಿ ದಾಟಿಸಬೇಕು, ಹತ್ತಿರ ಹತ್ತಿರ ಮೂರು ಯೂನಿಟ್ ಆಗುತ್ತದೆ. ಇದು ಬರೀ ಪುಸ್ತಕದ ಲೆಕ್ಕ. ಸೋರಿಕೆ ಸೇರಿದರೆ ಎರಡೂ ಮೂರ್ನಾಲ್ಕು ಪಟ್ಟಾಗುತ್ತವೆ, ಬಿಸಿ ಜಾಸ್ತಿ ಇರುವ ಒಲೆಯಲ್ಲಿ ಸೋರಿಕೆಯೂ ಜಾಸ್ತಿ. ಆದರೆ ಯೂನಿಟ್ಟಿಗಿಂತ ದೊಡ್ಡ ವಿಷಯ ಒಲೆಯದ್ದು. 500 ಡಿಗ್ರಿಗೆ ಕೋಕ್ ಬೇಡ, ದೊಡ್ಡ ಬ್ಲೋವರ್ ಬೇಡ. ಬೆಂಕಿ ಇಟ್ಟಿಗೆಯ ಗೂಡು, ಒಳಗೆ ಹೀಟರ್ ಕಾಯಿಲ್ ಅಥವಾ ಒಂದು ಗ್ಯಾಸ್ ಬರ್ನರ್, ನಡುವೆ ಗ್ರಾಫೈಟ್ ಮೂಸೆ. ಇಷ್ಟು ಸಾಕು. ಮೂಸೆ ವರ್ಷಗಟ್ಟಲೆ ಬಾಳುತ್ತದೆ. ಎರಡೇ ಪೀಸಿಗೂ ಒಲೆ ಹಚ್ಚಬಹುದು. ಮಧ್ಯಾಹ್ನ ಹೊಯ್ದ ಬುಷ್ ಸಂಜೆಗೆ ಲೇತಿನ ಮೇಲಿರುತ್ತದೆ.

ಲೇತಿನ ಮೇಲೂ ಉಳಿತಾಯವಿದೆ. ಈ ಲೋಹ ಬೆಣ್ಣೆಯಂತೆ ಕೊಯ್ಯುತ್ತದೆ, ಟೂಲ್ ಬೇಗ ಮೊಂಡಾಗುವುದಿಲ್ಲ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇವತ್ತು ಇಲ್ಲ. ಆದರೆ ಅಲ್ಲಿ ತಯಾರಾದ ಲೇತುಗಳು ಈ ಭಾಗದ ಶೆಡ್ಡುಗಳಲ್ಲಿ ಇನ್ನೂ ತಿರುಗುತ್ತಿವೆ. ಅಂಥ ಹಳೇ ಲೇತಿಗೆ ಇಂಥ ಮೆತ್ತನೆಯ ಕೆಲಸ ಚೆನ್ನಾಗಿ ಒಗ್ಗುತ್ತದೆ.

ಗುಜರಿ ಸತು ಮಾಡುವ ಅನಾಹುತ

ಈಗ ನನ್ನದೇ ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಮೊದಲ ಸಲ ಸತು ಕರಗಿಸಿದಾಗ ಗುಜರಿಯಿಂದ ಸಿಕ್ಕಿದ್ದನ್ನೆಲ್ಲ ತಂದಿದ್ದೆ. ಟಾರ್ಚ್ ಬ್ಯಾಟರಿಯ ಸತುವಿನ ಡಬ್ಬಿಗಳು, ಕಬ್ಬಿಣಕ್ಕೆ ಸತು ಲೇಪಿಸುವ ಗ್ಯಾಲ್ವನೈಸಿಂಗ್ ತೊಟ್ಟಿಯ ಕಿಟ್ಟ, ಹಳೇ ಕಾರ್ಬೊರೇಟರ್. ಅಲ್ಯೂಮಿನಿಯಂಗೆ ಒಂದು ಹಳೇ ಪಿಸ್ಟನ್. ಎರಕ ಹೊಳೆಯುತ್ತಾ ಬಂತು. ಬುಷ್ ಮಾಡಿ ಪರಿಚಯದ ರೈತರೊಬ್ಬರ ಮೆಷಿನ್ನಿಗೆ ಹಾಕಿದೆ. ಒಂದು ಸೀಸನ್ ಚೆನ್ನಾಗಿ ಓಡಿತು. ಮೆಷಿನ್ ಮಳೆಗಾಲವೆಲ್ಲ ತಗಡಿನ ಮಾಡಿನ ಕೆಳಗೆ ನಿಂತಿತ್ತು. ಎರಡನೇ ವರ್ಷ ತೆಗೆದು ನೋಡಿದರೆ ಬುಷ್ ಉಬ್ಬಿ ಶಾಫ್ಟನ್ನು ಕಚ್ಚಿಕೊಂಡಿದೆ. ಸುತ್ತಿಗೆಯಿಂದ ತಟ್ಟಿದರೆ ಬಿಸ್ಕೆಟ್ಟಿನ ಥರ ಪುಡಿಯಾಯಿತು. ಆ ರೈತರು ಒಂದು ಮಾತೂ ಬೈಯಲಿಲ್ಲ. "ಇನ್ನೊಂದು ಮಾಡಿಕೊಡಿ ಅಣ್ಣಾ, ಈ ಸಲ ಗಟ್ಟಿ ಇರಲಿ" ಅಂದರು ಅಷ್ಟೇ. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಕಾರಣ ಹುಡುಕಿದಾಗ ಗೊತ್ತಾಯಿತು, ಇದು ನೂರು ವರ್ಷದ ಹಳೇ ರೋಗ. ಜಮಾಕ್ ಬರುವ ಮೊದಲು ಸತುವಿನ ಎರಕಕ್ಕೆ ಕೆಟ್ಟ ಹೆಸರು ಬಂದಿದ್ದೇ ಇದರಿಂದ. ಸತು-ಅಲ್ಯೂಮಿನಿಯಂ ಬೆರಕೆಯಲ್ಲಿ ಸೀಸ, ತವರ, ಕ್ಯಾಡ್ಮಿಯಂ ಸ್ವಲ್ಪ ಇದ್ದರೂ ಅವು ಲೋಹದ ಹರಳುಗಳ ನಡುವಿನ ಸಂದಿಗೆ ಹೋಗಿ ಕೂರುತ್ತವೆ. ತೇವ ಸಿಕ್ಕರೆ ಆ ಸಂದಿ ಒಳಗಿಂದ ಒಳಗೇ ಕೊಳೆಯುತ್ತದೆ. ಹೊರಗಿಂದ ಹೊಳಪು, ಒಳಗೆ ಗೆದ್ದಲು. ಎಷ್ಟು ಸ್ವಲ್ಪ ಅಂದರೆ, ಜಮಾಕ್‌ನಲ್ಲಿ ಸೀಸಕ್ಕೆ ಇರುವ ಮಿತಿ ನೂರಕ್ಕೆ 0.005. ಅಂದರೆ 10 ಕೆಜಿ ಲೋಹದಲ್ಲಿ ಅರ್ಧ ಗ್ರಾಂ!

ಈಗ ನನ್ನ ಗುಜರಿ ನೋಡಿ. ಬ್ಯಾಟರಿ ಡಬ್ಬಿ ತೆಳ್ಳಗೆ ಎಳೆಯಲು ಬರಲಿ ಅಂತ ಸತುವಿಗೆ ಬೇಕೆಂದೇ ಸೀಸ, ಕ್ಯಾಡ್ಮಿಯಂ ಸೇರಿಸುತ್ತಿದ್ದರು. ಗ್ಯಾಲ್ವನೈಸಿಂಗ್‌ಗೆ ಹಿಂದಿನಿಂದ ಬಳಸುತ್ತಿದ್ದ ಸತುವಿನಲ್ಲಿ ನೂರಕ್ಕೆ ಒಂದರ ಮೇಲೆ ಸೀಸ ಇರುತ್ತಿತ್ತು. ಮಿತಿಗಿಂತ ಇನ್ನೂರು ಪಟ್ಟು ಜಾಸ್ತಿ. ನಾನು ಕೈಯಾರೆ ವಿಷ ಬೆರೆಸಿದ್ದೆ. ಒಮ್ಮೆ ಸೇರಿದ ಸೀಸವನ್ನು ಸಣ್ಣ ಶೆಡ್ಡಿನಲ್ಲಿ ಹೊರಗೆ ತೆಗೆಯುವ ದಾರಿಯೂ ಇಲ್ಲ.

ಹಾಗಾಗಿ ಸತುವನ್ನು ಹೊಸದೇ ತನ್ನಿ. 99.99ಕ್ಕಿಂತ ಮೇಲಿನ ಶುದ್ಧತೆಯದು. ರಾಜಸ್ಥಾನದ ಗಣಿಗಳಿಂದಾಗಿ ಸತು ನಮ್ಮ ದೇಶದಲ್ಲೇ ಧಾರಾಳವಾಗಿ ತಯಾರಾಗುತ್ತದೆ. ಸುಮಾರು 25 ಕೆಜಿಯ ಗಟ್ಟಿಗಳು, ಮೇಲೆ ಕಂಪನಿಯ ಗುರುತು. ನಾಲ್ಕು ವರ್ಕ್‌ಶಾಪಿನವರು ಕೂಡಿ ಒಂದಿಷ್ಟು ಗಟ್ಟಿ ತರಿಸಿದರೆ ಸಾಗಣೆ ಹಂಚಿಹೋಗುತ್ತದೆ. ಗುಜರಿ ಕೂಡ ಈಗ ಮೊದಲಿನಷ್ಟು ಸಲೀಸಲ್ಲ. 2024ರ ಅಕ್ಟೋಬರ್ 10ರಿಂದ, ನೋಂದಣಿ ಇಲ್ಲದವರಿಂದ ಲೋಹದ ಗುಜರಿ ಕೊಂಡರೆ, ಜಿಎಸ್‌ಟಿ ನೋಂದಣಿ ಇರುವ ಕೊಳ್ಳುವವರೇ ತೆರಿಗೆ ಕಟ್ಟಬೇಕು. ಸುಮ್ನೆ ಅಗ್ಗ ಅಂದುಕೊಂಡು ಹೋಗುವ ಕಾಲ ಮುಗಿಯಿತು.

ಗುಜರಿಯಲ್ಲಿ ಉಳಿಸಲು ಜಾಗವಿರುವುದು ಅಲ್ಯೂಮಿನಿಯಂನಲ್ಲಿ. ನೂರಕ್ಕೆ ಹನ್ನೊಂದೇ ಪಾಲು ಬೇಕು. ಅದರಲ್ಲೂ ಆರಿಸಿಕೊಳ್ಳಬೇಕು. ಪಿಸ್ಟನ್ ಬೇಡ. ಅದರಲ್ಲಿ ನೂರಕ್ಕೆ ಹನ್ನೆರಡರಷ್ಟು ಸಿಲಿಕಾನ್ ಇರುತ್ತದೆ, ಅದು ಸತುವಿನಲ್ಲಿ ಕರಗದೆ ಗಟ್ಟಿ ಕಾಳಾಗಿ ಉಳಿದು ಟೂಲ್ ತಿನ್ನುತ್ತದೆ. ವಿದ್ಯುತ್ ಲೈನಿನ ಹಳೇ ಅಲ್ಯೂಮಿನಿಯಂ ತಂತಿ ಎಲ್ಲಕ್ಕಿಂತ ಒಳ್ಳೆಯದು, ಬಹುತೇಕ ಶುದ್ಧ. ನಡುವಿನ ಉಕ್ಕಿನ ಎಳೆ ಬಿಡಿಸಿ ತೆಗೆಯಬೇಕು. ದಯವಿಟ್ಟು ಬಿಲ್ ಇರುವ ತಂತಿಯನ್ನೇ ಕೊಳ್ಳಿ. ಹೊಲದ ಲೈನಿನಿಂದ ಕದ್ದ ತಂತಿಯಲ್ಲಿ ರೈತನಿಗೆ ಬುಷ್ ಮಾಡಿಕೊಟ್ಟರೆ ಏನು ಬಂತು?

ಕಿಟಕಿ ಮಾಡುವವರ ಹತ್ತಿರ ಸಿಗುವ ಅಲ್ಯೂಮಿನಿಯಂ ಸೆಕ್ಷನ್ ತುಂಡುಗಳೂ ಉಪಯೋಗಕ್ಕೆ ಬರುತ್ತವೆ. ಅವು ಸಾಮಾನ್ಯವಾಗಿ 6063 ಎಂಬ ಜಾತಿ, ನೂರಕ್ಕೆ 0.45ರಿಂದ 0.9ರಷ್ಟು ಮೆಗ್ನೀಸಿಯಂ ಇರುತ್ತದೆ. ಜಡ್‌ಎ-12ಕ್ಕೆ ಬೇಕಾದ ಮೆಗ್ನೀಸಿಯಂ 0.015ರಿಂದ 0.03 ಮಾತ್ರ. ಆ ಚಿಟಿಕೆ ಕೊಳೆತ ತಡೆಯುತ್ತದೆ, ಜಾಸ್ತಿಯಾದರೆ ಲೋಹ ಪೆಡಸಾಗುತ್ತದೆ. ಪೂರ್ತಿ ಸೆಕ್ಷನ್ ತುಂಡೇ ಹಾಕಿದರೆ ಮಿತಿ ದಾಟುತ್ತದೆ. ಮೂರನೇ ಒಂದು ಪಾಲು ಸೆಕ್ಷನ್, ಉಳಿದದ್ದು ತಂತಿ ಹಾಕಿದರೆ ಲೆಕ್ಕ ಸರಿಯಾಗಿ ಕೂರುತ್ತದೆ. ಮೆಗ್ನೀಸಿಯಂ ಬೇರೆ ಕೊಳ್ಳಬೇಕಿಲ್ಲ, ಅದು ಹೊತ್ತಿ ಉರಿಯುವ ಅಪಾಯವೂ ಇಲ್ಲ.

ನಾನು ಈಗ ಇಟ್ಟುಕೊಂಡಿರುವ ಅಳತೆ ಇದು: 10 ಕೆಜಿಗೆ ಹೊಸ ಸತು 8.8 ಕೆಜಿ, ಅಲ್ಯೂಮಿನಿಯಂ ತಂತಿ 750 ಗ್ರಾಂ, ಕಿಟಕಿ ಸೆಕ್ಷನ್ 350 ಗ್ರಾಂ, ಸಿಪ್ಪೆ ಸುಲಿದ ತಾಮ್ರದ ತಂತಿ 100 ಗ್ರಾಂ. ತಾಮ್ರಕ್ಕೆ ಬೆಸುಗೆ ಅಂಟಿರಬಾರದು. ಬೆಸುಗೆ ಅಂದರೆ ತವರ, ಸೀಸ. ಮತ್ತೆ ಅದೇ ರೋಗ.

ಮೂಸೆಯ ಮುಂದೆ

ಮೊದಲು ಅಲ್ಯೂಮಿನಿಯಂ ಕರಗಿಸಿ, 700 ಡಿಗ್ರಿ ಹತ್ತಿರ ತಾಮ್ರದ ತಂತಿ ಅದ್ದಿ. ತಾಮ್ರ ಕರಗಲು ಸಾವಿರ ಡಿಗ್ರಿ ಬೇಕಲ್ಲ ಅಂತ ಅನ್ನಿಸಬಹುದು. ಕರಗಿದ ಅಲ್ಯೂಮಿನಿಯಂ ಅದನ್ನು ಸಕ್ಕರೆಯನ್ನು ಹಾಲು ಕರಗಿಸಿದಂತೆ ಕರಗಿಸಿಕೊಳ್ಳುತ್ತದೆ. ಆಮೇಲೆ ಒಲೆಯ ಅಂಚಿನಲ್ಲಿ ಬಿಸಿ ಮಾಡಿಟ್ಟ ಸತುವಿನ ತುಂಡುಗಳನ್ನು ಒಂದೊಂದಾಗಿ ಇಳಿಸಬೇಕು. ಪ್ರತಿ ತುಂಡಿಗೂ ಬಿಸಿ ಇಳಿಯುತ್ತದೆ, ಕರಗುವ ಬಿಂದುವೂ ಜೊತೆಗೇ ಇಳಿಯುತ್ತದೆ. ಕೊನೆಗೆ 500ರ ಹತ್ತಿರ ನಿಲ್ಲಿಸಿ, ತಳದಿಂದ ಕದಡಿ, ಮೇಲಿನ ಕಿಟ್ಟ ತೆಗೆದು ಹೊಯ್ಯುವುದು. ಮೊದಲ ಸಲ ಸಣ್ಣ ಗಟ್ಟಿಗಳನ್ನಾಗಿ ಹೊಯ್ದಿಟ್ಟು, ಇನ್ನೊಮ್ಮೆ ಕರಗಿಸಿ ಅಚ್ಚಿಗೆ ಹಾಕಿದರೆ ಬೆರಕೆ ಸಮನಾಗಿರುತ್ತದೆ.

ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬೇಡಿ. ಕರಗಿದ ಸತು ಮತ್ತು ಅಲ್ಯೂಮಿನಿಯಂ ಕಬ್ಬಿಣವನ್ನು ತಿನ್ನುತ್ತವೆ. ಪಾತ್ರೆ ತೆಳುವಾಗುತ್ತದೆ, ಎರಕದಲ್ಲಿ ಗಾಜಿನಷ್ಟು ಗಟ್ಟಿ ಕಾಳು ಬರುತ್ತದೆ. ಕದಡುವ ಸರಳಿಗೂ ಗ್ರಾಫೈಟ್ ಅಥವಾ ಸುಣ್ಣದ ಲೇಪ ಬೇಕು.

ಬಿಸಿ ಅಳೆಯುವ ಥರ್ಮೋಕಪಲ್ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು. ಹಿತ್ತಾಳೆ, ಗನ್ ಮೆಟಲ್ ಹೊಯ್ದು ಪಳಗಿದವರು ಬೆಂಕಿಯ ಬಣ್ಣ ನೋಡಿ ಹೇಳುತ್ತಾರೆ. 500 ಡಿಗ್ರಿಯಲ್ಲಿ ಲೋಹಕ್ಕೆ ಬಣ್ಣವೇ ಇರುವುದಿಲ್ಲ. ಕೆಂಪಾಗುವವರೆಗೆ ಕಾದರೆ ಆಗಲೇ ಅತಿಯಾಗಿದೆ. ಸತು 907 ಡಿಗ್ರಿಗೆ ಕುದಿಯುತ್ತದೆ, ಅದಕ್ಕೂ ಮೊದಲೇ ಬಿಳಿ ಹೊಗೆ ಏಳಲು ಶುರುವಾಗುತ್ತದೆ. ಆ ಹೊಗೆ ಕುಡಿದರೆ ಕೆಲವೇ ಗಂಟೆಗಳಲ್ಲಿ ಚಳಿ, ಜ್ವರ, ಮೈಕೈ ನೋವು. ಹಿತ್ತಾಳೆ ಹೊಯ್ಯುವವರಿಗೆ, ಜಿಂಕ್ ತಗಡು ವೆಲ್ಡಿಂಗ್ ಮಾಡುವವರಿಗೆ ಇದು ಗೊತ್ತಿರುವ ಸಂಕಟ. ಕಡಿಮೆ ಬಿಸಿಯ ಲೋಹ ಆರಿಸಿಕೊಳ್ಳುವುದರಿಂದ ಕೆಲಸದ ಹುಡುಗರಿಗೆ ಆಗುವ ದೊಡ್ಡ ಉಪಕಾರ ಇದೇ, ಹೊಗೆ ತಪ್ಪುತ್ತದೆ. ಆದರೂ ಶೆಡ್ಡಿಗೆ ಗಾಳಿ ಬೇಕು, ಮುಖಕ್ಕೆ ಗುರಾಣಿ, ಕಾಲಿಗೆ ಚರ್ಮದ ಬೂಟು ಬೇಕು. ಒದ್ದೆ ಚಮಚ, ಒದ್ದೆ ಅಚ್ಚು, ತೇವದ ಗುಜರಿ ಮೂಸೆಗೆ ಹೋದರೆ ನೀರು ಒಮ್ಮೆಲೇ ಆವಿಯಾಗಿ ಲೋಹ ಸಿಡಿಯುತ್ತದೆ. ಹವಾಯಿ ಚಪ್ಪಲಿಯಲ್ಲಿ ಎರಕ ಹೊಯ್ಯುವವರನ್ನು ಕಂಡಾಗೆಲ್ಲ ನನಗೆ ಭಯವಾಗುತ್ತದೆ.

ಹೊಯ್ದ ಮೇಲೆ ಪರೀಕ್ಷೆ. ದುಡ್ಡು ಖರ್ಚಿಲ್ಲದ ಒಂದು ದಾರಿ ತೂಕದ್ದು. ಪೀಸನ್ನು ಗಾಳಿಯಲ್ಲಿ ತೂಗಿ, ಆಮೇಲೆ ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿ. ಮೊದಲ ತೂಕವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿದರೆ 6ರ ಹತ್ತಿರ ಬರಬೇಕು. ತೀರಾ ಕಡಿಮೆ ಬಂದರೆ ಒಳಗೆ ಗಾಳಿಗುಳ್ಳೆ ಇದೆ, ಇಲ್ಲವೇ ಅಲ್ಯೂಮಿನಿಯಂ ಜಾಸ್ತಿಯಾಗಿದೆ. ಕೊಳೆಯುವ ರೋಗಕ್ಕೂ ಹಳೆಯ ಪರೀಕ್ಷೆಯೊಂದಿದೆ. ತೆಳುವಾದ ಒಂದು ಪಟ್ಟಿ ಹೊಯ್ದು, 95 ಡಿಗ್ರಿಯ ಹಬೆಯಲ್ಲಿ ಹತ್ತು ದಿನ ಇಡುವುದು. ಉಬ್ಬಿದರೆ, ಬಿರುಕು ಬಿಟ್ಟರೆ ಆ ಬ್ಯಾಚ್ ಯಾರ ಮೆಷಿನ್ನಿಗೂ ಹೋಗಬಾರದು.

ಎಲ್ಲಿ ಹಾಕಬಾರದು

ಬಿಸಿ ಈ ಲೋಹದ ಶತ್ರು. 100 ಡಿಗ್ರಿ ಹತ್ತಿರ ಬಂದರೆ ಬಲ ಇಳಿಯುತ್ತದೆ, ಒಂದೇ ಸಮನೆ ಭಾರ ಬಿದ್ದಿದ್ದರೆ ಮೆಲ್ಲಗೆ ಹಿಗ್ಗುತ್ತಾ ಆಕಾರ ಬಿಡುತ್ತದೆ. ಮಂಡಕ್ಕಿ ಭಟ್ಟಿಯ ಒಲೆಯ ಹತ್ತಿರದ ಬೇರಿಂಗಿಗೆ ಇದು ಬೇಡವೇ ಬೇಡ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ ಬೀಜ ಹಿಂಡುವ ಭಾಗ ಬಿಸಿಯಾಗುತ್ತದೆ, ಅಲ್ಲಿಗೂ ಬೇಡ. ಬೀಜ ಸಾಗಿಸುವ ಸ್ಕ್ರೂ, ಎಲಿವೇಟರಿನ ನಿಧಾನದ ಶಾಫ್ಟು, ಅಲ್ಲೆಲ್ಲ ಹಾಕಬಹುದು. ಚಿತ್ರದುರ್ಗದ ಕಡೆ ಕೊಳವೆ ಬಾವಿಯ ಪಂಪಿನ ಬುಷ್‌ಗೆ ಆಗುತ್ತದಾ ಅಂತ ಹಲವರು ಕೇಳುತ್ತಾರೆ. ನಾನು ಹಾಕುವುದಿಲ್ಲ. ಸದಾ ನೀರಿನಲ್ಲಿ ಮುಳುಗಿರುವ ಜಾಗದಲ್ಲಿ ಸತು ಸವೆದು ಹೋಗುತ್ತದೆ. ನೂರಾರು ಅಡಿ ಆಳದಿಂದ ಪೈಪ್ ಮೇಲೆತ್ತುವ ಖರ್ಚಿನ ಮುಂದೆ ಬುಷ್‌ನಲ್ಲಿ ಉಳಿಸಿದ್ದು ಏನೂ ಅಲ್ಲ. ಅಡುಗೆ ಪಾತ್ರೆ, ಹುಳಿ ತಾಗುವ ಸಾಮಾನು, ಬ್ರೇಕ್, ಜನರನ್ನು ಎತ್ತುವ ಕೊಕ್ಕೆ, ಇವಕ್ಕೂ ಇಲ್ಲ.

ಇನ್ನೊಂದು ಸೂಕ್ಷ್ಮ. ಬಿಸಿಗೆ ಸತು ಕಂಚಿಗಿಂತ ಜಾಸ್ತಿ ಹಿಗ್ಗುತ್ತದೆ, ಉಕ್ಕಿಗಿಂತ ಎರಡು ಪಟ್ಟು. ಉಕ್ಕಿನ ಗೂಡಿನೊಳಗೆ ಬಿಗಿಯಾಗಿ ಕೂತ ಬುಷ್ ಹೊರಗೆ ಹಿಗ್ಗಲು ಜಾಗವಿಲ್ಲದೆ ಒಳಗಿನ ತೂತನ್ನೇ ಕಿರಿದು ಮಾಡುತ್ತದೆ. ಹಾಗಾಗಿ ಗನ್ ಮೆಟಲ್‌ಗೆ ಬಿಡುವುದಕ್ಕಿಂತ ಸ್ವಲ್ಪ ಜಾಸ್ತಿ ಸಡಿಲ ಬಿಡಬೇಕು. ಹಳೇ ಅಳತೆಯನ್ನೇ ಹಿಡಿದು ಕೊರೆದು, ಶಾಫ್ಟ್ ಹಿಡಿದುಕೊಂಡ ಮೇಲೆ ಲೋಹವನ್ನು ಬೈದರೆ ಅದು ಅನ್ಯಾಯ.

ಊರಿಗೆ ಬೇಕಾದದ್ದು

ಇಷ್ಟೆಲ್ಲ ಆದರೂ ಒಂದು ಕೊರತೆ ಉಳಿಯುತ್ತದೆ. ಸೀಸದ ಅರ್ಧ ಗ್ರಾಂ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಲೋಹದಲ್ಲಿ ಏನೇನು ಎಷ್ಟಿದೆ ಎಂದು ಅಳೆಯುವ ಸ್ಪೆಕ್ಟ್ರೋಮೀಟರ್ ಮಾತ್ರ ಹೇಳಬಲ್ಲದು. ದೊಡ್ಡ ಫೌಂಡ್ರಿ ಅದನ್ನು ಕೊಳ್ಳಬಹುದು, ಎರಡು ಲೇತು ಇಟ್ಟುಕೊಂಡವರು ಕೊಳ್ಳಲಾರರು. ಕೊಳ್ಳಬೇಕಾಗಿಯೂ ಇಲ್ಲ. ದಾವಣಗೆರೆಯಲ್ಲಿ 1951ರಷ್ಟು ಹಿಂದೆಯೇ ಶುರುವಾದ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು ಇದೆ, ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಇದೆ. ಚಿತ್ರದುರ್ಗದಲ್ಲೂ ಎಂಜಿನಿಯರಿಂಗ್ ಕಾಲೇಜು ಇದೆ. ಪ್ರತಿ ವರ್ಷ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಾರೆ. ಊರಿನ ಎರಡು ಶೆಡ್ಡಿನ ಎರಕ ತೆಗೆದುಕೊಂಡು ಬಲ, ಗಡಸುತನ, ಸವೆತ ಅಳೆದು ಕನ್ನಡದಲ್ಲೇ ಒಂದು ಪುಟ ಬರೆದುಕೊಟ್ಟರೆ ಅದು ಕಪಾಟಿನಲ್ಲಿ ಧೂಳು ತಿನ್ನುವುದಿಲ್ಲ, ವರ್ಕ್‌ಶಾಪಿನ ಗೋಡೆ ಮೇಲೆ ಇರುತ್ತದೆ.

ಸಣ್ಣ ಉದ್ಯಮಗಳು ಕೂಡಿಕೊಂಡರೆ ಸಾಮಾನ್ಯ ಸೌಲಭ್ಯ ಕೇಂದ್ರ ಕಟ್ಟಲು ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಕ್ಲಸ್ಟರ್ ಯೋಜನೆಯಲ್ಲಿ ನೆರವು ಸಿಗುತ್ತದೆ. ಸಾಮಾನ್ಯವಾಗಿ ಇಂಥ ಕೇಂದ್ರ ಅಂದಾಗ ದುಬಾರಿ ಸಿಎನ್‌ಸಿ ಮೆಷಿನ್ ಕೇಳುತ್ತೇವೆ. ನಾನಾದರೆ ಮೊದಲು ಒಂದು ಸ್ಪೆಕ್ಟ್ರೋಮೀಟರ್, ಒಂದು ಒಳ್ಳೆಯ ಕರೆಂಟ್ ಒಲೆ ಕೇಳುತ್ತೇನೆ. ಪರೀಕ್ಷೆ ಮಾಡಿದ ಜಡ್‌ಎ-12 ಗಟ್ಟಿಗಳನ್ನು ಅಲ್ಲೇ ಹೊಯ್ದು, ಬ್ಯಾಚ್ ನಂಬರ್ ಒತ್ತಿ, ವರ್ಕ್‌ಶಾಪುಗಳಿಗೆ ಕೆಜಿ ಲೆಕ್ಕದಲ್ಲಿ ಕೊಡಬಹುದು. ಆಗ ಪ್ರತಿ ಶೆಡ್ಡಿನವರೂ ಬೆರಕೆಯ ತಲೆನೋವು ಹೊರಬೇಕಿಲ್ಲ. ಕರಗಿಸಿ ಹೊಯ್ದರೆ ಸಾಕು.

ಅಲ್ಲಿಯವರೆಗೆ ನಾವು ನಮ್ಮ ಕೈಲಾದ ಲೆಕ್ಕ ಇಡುತ್ತಿದ್ದೇವೆ. ಹಿಂದೆ ನನ್ನ ಬುಷ್ ಪುಡಿಯಾದ ಅದೇ ರೈತರ ಮೆಷಿನ್ನಿಗೆ ಈ ಸೀಸನ್ ಶುರುವಿನಲ್ಲಿ ಶಾಫ್ಟಿನ ಒಂದು ತುದಿಗೆ ಗನ್ ಮೆಟಲ್, ಇನ್ನೊಂದು ತುದಿಗೆ ಹೊಸ ಸತುವಿನ ಜಡ್‌ಎ-12 ಹಾಕಿದ್ದೇವೆ. ಎರಡರ ಒಳ ಅಳತೆಯನ್ನೂ ಮೈಕ್ರೋಮೀಟರಿನಲ್ಲಿ ನೋಡಿ ಗೋಡೆಯ ಮೇಲೆ ಬರೆದಿದ್ದೇವೆ. ಸಂಕ್ರಾಂತಿ ಕಳೆದ ಮೇಲೆ ಬಿಚ್ಚಿ ಒಮ್ಮೆ ಅಳೆಯುತ್ತೇವೆ. ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ.